ಹೆಸರೇ ಕೇಳಿಲ್ಲದ ಬೋರ್ಡು, ಮೂರು ವರ್ಷದ ವಾರಂಟಿ

ಈ ತಿಂಗಳು ಬಂದ ಪತ್ರಗಳನ್ನು ಜೋಡಿಸಿಕೊಂಡು ಕೂತರೆ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ಅಂಗಡಿಯವರು ಯಾವುದೋ ಕೇಳದ ಕಂಪನಿಯ ಮಾಲು ಕೊಟ್ಟಿದ್ದಾರೆ, ಇದು ನಿಜವಾದ ಕಂಪನಿಯೇ, ನಾಳೆ ಇರುತ್ತದೆಯೇ ಅಂತ. ಹಾಗಾಗಿ ವಿಂಡೋಸ್ ಪ್ರಶ್ನೆ, ಪ್ರಿಂಟರ್ ಪ್ರಶ್ನೆ ಎಲ್ಲ ಮುಂದಿನ ಸಲಕ್ಕೆ ಇಟ್ಟು ಇದನ್ನೇ ಹಿಡಿದುಕೊಂಡಿದ್ದೇನೆ. ಈ ಅಂಕಣಕ್ಕೆ ಬರುವ ಮೊದಲು ಬಹಳ ವರ್ಷ ರಿಪೇರಿ ಅಂಗಡಿ ನಡೆಸಿದವನು ನಾನು. ಅಲ್ಲಲ್ಲಿ ಅಂಗಡಿಯವರ ಪರ ಮಾತಾಡಿದ ಹಾಗೆ ಕಂಡರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಆಫೀಸಿನ ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ಹೋಯಿತು. ಪ್ರೊಸೆಸರ್ ಐ3-2120. ಅಂಗಡಿಯವರು 'ಆ ಕಂಪನಿ ಬೋರ್ಡ್ ಈಗ ಬರಲ್ಲ ಸರ್' ಅಂತ ಹೇಳಿ, ನಾನು ಜನ್ಮದಲ್ಲಿ ಕೇಳದ ಹೆಸರಿನದ್ದು ಹಾಕಿಕೊಟ್ಟರು. ಮೂರು ವರ್ಷ ವಾರಂಟಿ ಅಂತೆ. ದೊಡ್ಡ ದೊಡ್ಡ ಕಂಪನಿಗಳ ಮಧ್ಯೆ ಇಂಥವರು ಹೇಗೆ ಬದುಕುತ್ತಾರೆ?
(ಲೆಕ್ಕಪತ್ರ ಬರೆಯುವವರು, ದಾವಣಗೆರೆ)

'ಬರಲ್ಲ' ಅಂದರಲ್ಲ, ಆ ಒಂದು ಮಾತಿನಲ್ಲೇ ಉತ್ತರ ಇದೆ. ದೊಡ್ಡವರದ್ದು ಎಲ್ಲಿ ಬರುವುದಿಲ್ಲವೋ ಅಲ್ಲಿ ಇವರು ಬದುಕುತ್ತಾರೆ.

ನಿಮ್ಮ ಪ್ರೊಸೆಸರ್ ಬಂದದ್ದು 2011ರಲ್ಲಿ. ಅದಕ್ಕೆ ಹೊಂದುವ, ಬೋರ್ಡಿನ ಮೇಲೆ ಉಳಿದ ಭಾಗಗಳನ್ನು ಪ್ರೊಸೆಸರಿಗೆ ಜೋಡಿಸುವ ಎಚ್61 ಚಿಪ್‌ಸೆಟ್ಟೂ ಅದೇ ವರ್ಷದ್ದು. 2013ಕ್ಕೆ ಇಂಟೆಲ್ ಸಾಕೆಟ್ (ಪ್ರೊಸೆಸರ್ ಕೂರುವ ಗೂಡು) ಬದಲಾಯಿಸಿತು, ಬೋರ್ಡ್ ಮಾಡುವವರೆಲ್ಲ ಹೊಸ ಸಾಕೆಟ್ಟಿನ ಹಿಂದೆ ಹೊರಟರು. ಈ ಮಾರುಕಟ್ಟೆಯಲ್ಲಿ ದೊಡ್ಡವರು ಅಂದರೆ ನಾಲ್ಕೇ ಹೆಸರು: ಆಸುಸ್, ಗಿಗಾಬೈಟ್, ಎಂಎಸ್‌ಐ, ಆಸ್‌ರಾಕ್. ನಾಲ್ಕೂ ತೈವಾನಿನವು. ಡೆಸ್ಕ್‌ಟಾಪ್ ಬೋರ್ಡ್ ಮಾಡುವುದನ್ನು ನಿಲ್ಲಿಸುತ್ತೇವೆ ಎಂದು ಸ್ವತಃ ಇಂಟೆಲ್ಲೇ ಹೇಳಿದ್ದೂ 2013ರಲ್ಲೇ. ಆದರೆ ಪ್ರೊಸೆಸರ್ ಸುಲಭಕ್ಕೆ ಸಾಯುವ ವಸ್ತು ಅಲ್ಲ. ಸಾಯುವುದು ಬೋರ್ಡು. ಕರೆಂಟು ಏರಿಳಿಯುತ್ತದೆ, ಕೆಪಾಸಿಟರ್ (ಕರೆಂಟು ಹಿಡಿದಿಡುವ ಸಣ್ಣ ಡಬ್ಬಿ) ಉಬ್ಬುತ್ತದೆ, ಒಳಗೆ ಜಿರಲೆ ಸಂಸಾರ ಹೂಡುತ್ತದೆ. ಹಾಗಾಗಿ ಊರೂರಿನ ಸಹಕಾರ ಸಂಘ, ಝೆರಾಕ್ಸ್ ಅಂಗಡಿ, ಶಾಲೆಯ ಆಫೀಸು, ಎಲ್ಲ ಕಡೆ ಗಟ್ಟಿಮುಟ್ಟಾದ ಪ್ರೊಸೆಸರ್ ಇದೆ, ಕೂರಿಸಲು ಬೋರ್ಡ್ ಇಲ್ಲ. ಹೊಸ ಸಿಸ್ಟಮ್ ಅಂದರೆ ಇಪ್ಪತ್ತೈದು ಮೂವತ್ತು ಸಾವಿರ. ಬರೀ ಬೋರ್ಡ್ ಅಂದರೆ ಅದರ ಹತ್ತನೇ ಒಂದು ಪಾಲು. ನೀವೇ ಹೇಳಿ, ಲೆಕ್ಕ ಬರೆಯುವವರು ಯಾವುದನ್ನು ಆರಿಸುತ್ತಾರೆ?

ಚೀನಾದಲ್ಲಿ ಈ ಹಳೇ ಸಾಕೆಟ್ಟಿಗೆ ಹೊಸ ಬೋರ್ಡ್ ಮಾಡುವ ಕಾರ್ಖಾನೆಗಳು ಹುಟ್ಟಿಕೊಂಡದ್ದು ಹೀಗೆ. ಎಷ್ಟೋ ಸಲ ಅದರ ಮೇಲಿನ ಚಿಪ್‌ಸೆಟ್ ಹಳೇ ಬೋರ್ಡಿನಿಂದ ಬಿಸಿ ಮಾಡಿ ಎತ್ತಿ, ಶುಚಿ ಮಾಡಿ ಮತ್ತೆ ಬೆಸುಗೆ ಹಾಕಿದ್ದು. ನಮ್ಮ ಕಡೆಯ ಬ್ರ್ಯಾಂಡುಗಳು ಅವನ್ನು ತರಿಸಿ, ತಮ್ಮ ಡಬ್ಬಿಗೆ ಹಾಕಿ, ತಮ್ಮ ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರುತ್ತವೆ. ಚೆನ್ನೈನ ಜೆಬ್ರಾನಿಕ್ಸ್ ಕೂಡ ಎಚ್61 ಬೋರ್ಡ್ ಮಾರಿದೆ. ಅದು ಪರವಾಗಿಲ್ಲ, ಹೆಸರು ಕೇಳಿರುತ್ತೀರಿ. ಹೆಸರು ಕೇಳದವು ಇನ್ನೂ ಹತ್ತಾರು ಇವೆ.

ಇದು ಅರ್ಧ ಕಾರಣ. ಇನ್ನರ್ಧ ಅಂಗಡಿಯ ಕೌಂಟರಿನಲ್ಲಿದೆ, ಅದನ್ನು ಯಾರೂ ಹೇಳುವುದಿಲ್ಲ.

ನನ್ನದೇ ಒಂದು ಪ್ರಸಂಗ. ಒಂದು ಸಹಕಾರ ಸಂಘಕ್ಕೆ ಆರು ಸಿಸ್ಟಮ್ ಹಾಕಿಕೊಟ್ಟಿದ್ದೆ. ಐದಕ್ಕೆ ಒಳ್ಳೇ ಹೆಸರಿನ ಬೋರ್ಡು, ಒಂದಕ್ಕೆ ಸ್ಟಾಕ್ ಇಲ್ಲದ್ದಕ್ಕೆ ಯಾವುದೋ ಸಣ್ಣ ಕಂಪನಿಯದ್ದು. ಒಂದೇ ಸಿಡಿಲಿಗೆ ಎರಡು ಬೋರ್ಡ್ ಹೋದವು, ದೊಡ್ಡದೊಂದು, ಸಣ್ಣದೊಂದು. ದೊಡ್ಡ ಕಂಪನಿಯದ್ದನ್ನು ಸರ್ವಿಸ್ ಸೆಂಟರಿಗೆ ತೆಗೆದುಕೊಂಡು ಹೋದೆ. ಟೋಕನ್, ಸೀರಿಯಲ್ ನಂಬರ್, ಭೂತಗನ್ನಡಿ ಹಿಡಿದು ಸಾಕೆಟ್ಟಿನ ಪಿನ್ ಎಣಿಸುವುದು, ಎಲ್ಲ ಆಯಿತು. ಆರು ವಾರ ಬಿಟ್ಟು ವಾಪಸ್ ಬಂತು, 'ಗ್ರಾಹಕರಿಂದ ಹಾನಿ' ಅಂತ ಚೀಟಿ ಸಮೇತ. ಸಣ್ಣ ಕಂಪನಿಯದ್ದನ್ನು ಬೆಂಗಳೂರಿನ ಎಸ್‌ಪಿ ರೋಡಿಗೆ ಒಯ್ದು, ಮಾಲು ಕೊಟ್ಟ ಡಿಸ್ಟ್ರಿಬ್ಯೂಟರ್ ಮುಂದೆ ಇಟ್ಟೆ. ಆತ ತಿರುಗಿಸಿ ನೋಡಿದ. 'ಸಿಡಿಲಾ?' ಅಂದ. 'ಗೊತ್ತಿಲ್ಲಪ್ಪ, ಆನ್ ಆಗ್ತಿಲ್ಲ' ಅಂದೆ. ನಕ್ಕ. ಕೆಳಗಿನ ಡ್ರಾಯರ್ ಎಳೆದು ಇನ್ನೊಂದು ಡಬ್ಬಿ ತೆಗೆದು ಕೊಟ್ಟ. ಅಷ್ಟೇ. ಚಹಾ ತಣ್ಣಗಾಗುವುದರೊಳಗೆ ಕೆಲಸ ಮುಗಿದಿತ್ತು.

ಆ ಬೋರ್ಡು ದೊಡ್ಡದ್ದಕ್ಕಿಂತ ಒಳ್ಳೆಯದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಗಿರಲಿಲ್ಲ. ಆದರೆ ಅದರ ನಂತರ ಮುಂದಿನ ಗಿರಾಕಿಗೆ ನಾನು ಯಾವುದನ್ನು ಹಾಕಿಕೊಟ್ಟಿರಬಹುದು ಎಂದು ಊಹಿಸಿ. ಸಣ್ಣ ಬ್ರ್ಯಾಂಡು ಮಾರುವುದು ಬೋರ್ಡನ್ನಲ್ಲ, ಆ ಡ್ರಾಯರನ್ನು. ಜಾಹೀರಾತಿಗೆ, ಕ್ರಿಕೆಟ್ ಆಟಗಾರನಿಗೆ, ಬಣ್ಣದ ಲೈಟಿಗೆ ಅದು ದುಡ್ಡು ಹಾಕುವುದಿಲ್ಲ. ಡಿಸ್ಟ್ರಿಬ್ಯೂಟರ್ ಹತ್ತಿರ ಬದಲಿ ಸ್ಟಾಕ್ ಇಡುತ್ತದೆ.

ಲಾಭದ ಮಾತನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದೇಕೆ. ದೊಡ್ಡ ಹೆಸರಿನ ಬೋರ್ಡಿನ ಬೆಲೆಯನ್ನು ಗಿರಾಕಿ ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ನೋಡಿ 'ಆನ್‌ಲೈನಲ್ಲಿ ಇಷ್ಟೇ ಇದೆಯಲ್ಲ' ಅನ್ನುತ್ತಾನೆ. ಅಂಗಡಿಯವನಿಗೆ ಉಳಿಯುವುದು ನೂರು ಇನ್ನೂರು. ಕೇಳದ ಹೆಸರಿನದ್ದರ ಬೆಲೆ ಯಾರಿಗೂ ಗೊತ್ತಿಲ್ಲ. ಅಲ್ಲಿ ನಾಲ್ಕು ಕಾಸು ಉಳಿಯುತ್ತದೆ.

ನಿಮ್ಮ ಟ್ಯಾಲಿ, ಎಕ್ಸೆಲ್ ಕೆಲಸಕ್ಕೆ ಆ ಬೋರ್ಡ್ ಸಾಕು. ವಾರಂಟಿಯ ಬಿಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ, ಆ ಶಾಯಿ ಆರು ತಿಂಗಳಿಗೆ ಮಾಸಿಹೋಗುತ್ತದೆ. ಡೇಟಾ ಬ್ಯಾಕಪ್ ವಾರಕ್ಕೊಮ್ಮೆ ತೆಗೆಯಿರಿ. ಇದು ಯಾವ ಕಂಪನಿಯ ಬೋರ್ಡಿಗೂ ಹೇಳುವ ಮಾತೇ.

ಪ್ರಶ್ನೆ: ಎಲ್ಲವೂ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಬರೀ ಸ್ಟಿಕ್ಕರ್ ಬೇರೆ ಅನ್ನುತ್ತಾನೆ ನನ್ನ ಭಾವಮೈದುನ. ಹಾಗಾದರೆ ಹೆಸರಿಗೆ ಯಾಕೆ ದುಡ್ಡು ಕೊಡಬೇಕು?
(ಗೃಹಿಣಿ, ಶಿವಮೊಗ್ಗ)

ನಿಮ್ಮ ಭಾವಮೈದುನ ಹೇಳಿದ್ದು ಅರ್ಧ ಸತ್ಯ. ಆ ಅರ್ಧ ಪೂರ್ತಿ ಸತ್ಯ ಅನ್ನುವುದೇ ತಮಾಷೆ.

ಡೆಲ್, ಎಚ್‌ಪಿ, ಲೆನೊವೊ ಲ್ಯಾಪ್‌ಟಾಪುಗಳಲ್ಲಿ ದೊಡ್ಡ ಪಾಲು ತಯಾರಾಗುವುದು ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್‌ನಂಥ ತೈವಾನಿ ಕಂಪನಿಗಳಲ್ಲಿ. ಕಂಪ್ಯೂಟರಿಗೆ ಕರೆಂಟು ಒದಗಿಸುವ, ಕೋರ್ಸೇರ್ ಹೆಸರಿನ ಎಸ್‌ಎಂಪಿಎಸ್ ಎಷ್ಟು ಜನ ಆಸೆಪಟ್ಟು ಕೊಳ್ಳುತ್ತಾರೆ ಅಲ್ವಾ? ಅದನ್ನು ಕೋರ್ಸೇರ್ ತಾನೇ ಮಾಡುವುದಿಲ್ಲ. ಮಾದರಿ ನೋಡಿಕೊಂಡು ಚಾನೆಲ್ ವೆಲ್, ಗ್ರೇಟ್ ವಾಲ್, ಸೀಸಾನಿಕ್ ಥರದವರ ಹತ್ತಿರ ಮಾಡಿಸುತ್ತದೆ. ಸೀಸಾನಿಕ್ 1975ರಿಂದ ಇರುವ ಕಂಪನಿ. ತನ್ನ ಹೆಸರಿನಲ್ಲೂ ಮಾರುತ್ತದೆ, ಬೇರೆಯವರ ಹೆಸರಿಗೂ ಮಾಡಿಕೊಡುತ್ತದೆ. ಡೇಟಾ ಕೂಡಿಡುವ ಎಸ್‌ಎಸ್‌ಡಿಯೂ ಹಾಗೇ. ಎಷ್ಟೋ ಬ್ರ್ಯಾಂಡುಗಳಲ್ಲಿ ಒಳಗಿನ ಕಂಟ್ರೋಲರ್ (ಕೆಲಸ ನಡೆಸುವ ಚಿಪ್) ಫೈಸನ್ ಅಥವಾ ಸಿಲಿಕಾನ್ ಮೋಶನ್‌ನದ್ದು, ಮೆಮೊರಿ ಚಿಪ್ ಮಾಡುವವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಜನ. ಎರಡನ್ನೂ ಕೊಂಡು ತಂದು ಒಂದು ಹಲಗೆಯ ಮೇಲೆ ಕೂರಿಸಿದರೆ ನಿಮ್ಮದೂ ಒಂದು ಬ್ರ್ಯಾಂಡು.

ಸುಳ್ಳಿನ ಅರ್ಧ ಇಲ್ಲಿದೆ. ಒಬ್ಬನೇ ದರ್ಜಿ ಮದುವೆ ಕೋಟನ್ನೂ ಹೊಲಿಯುತ್ತಾನೆ, ಶಾಲೆಯ ಚಡ್ಡಿಯನ್ನೂ ಹೊಲಿಯುತ್ತಾನೆ. ಬಟ್ಟೆ ಯಾವುದು, ಒಳಪದರ ಹಾಕಬೇಕೋ ಬೇಡವೋ, ಗುಂಡಿ ಎಷ್ಟು, ಇದೆಲ್ಲ ಹೇಳುವವನು ದುಡ್ಡು ಕೊಡುವವನು. ಕಾರ್ಖಾನೆಯೂ ಹಾಗೇ. 'ಜಪಾನಿ ಕೆಪಾಸಿಟರ್ ಹಾಕು' ಅಂದವರಿಗೆ ಅದು, 'ಒಂದು ಡಾಲರ್ ಕಮ್ಮಿ ಮಾಡು' ಅಂದವರಿಗೆ ಇದು. ಹೆಸರಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಜಾಹೀರಾತಿಗೆ ಹೋಗುತ್ತದೆ ನಿಜ. ಇನ್ನೊಂದು ಪಾಲು, ಮೊದಲ ಲಾಟಿನಲ್ಲಿ ಹಾಕಿದ್ದನ್ನೇ ಹತ್ತನೇ ಲಾಟಿನಲ್ಲೂ ಹಾಕುತ್ತಾರೆ ಎಂಬ ನಂಬಿಕೆಗೆ. ಕೆಲವು ಸಲ ದೊಡ್ಡವರೂ ಆ ನಂಬಿಕೆ ಮುರಿದಿದ್ದಾರೆ. ವಿಮರ್ಶಕರಿಗೆ ವೇಗದ ಎಸ್‌ಎಸ್‌ಡಿ ಕಳಿಸಿ, ನಾಲ್ಕು ತಿಂಗಳ ನಂತರ ಅದೇ ಹೆಸರಿನಲ್ಲಿ, ಅದೇ ಡಬ್ಬಿಯಲ್ಲಿ ಒಳಗಿನ ಚಿಪ್ ಬದಲಾಯಿಸಿ ಮಾರಿದ್ದು ಇದೆ.

ಪ್ರಶ್ನೆ: 450 ವ್ಯಾಟ್ ಎಸ್‌ಎಂಪಿಎಸ್ ಏಳುನೂರು ರೂಪಾಯಿಗೂ ಇದೆ, ಮೂರು ಸಾವಿರಕ್ಕೂ ಇದೆ. ವ್ಯತ್ಯಾಸ ಏನು?
(ಡಿಪ್ಲೊಮಾ ವಿದ್ಯಾರ್ಥಿ, ಗದಗ)

ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿ ನೋಡು, ಅರ್ಧ ಉತ್ತರ ಕೈಗೇ ಗೊತ್ತಾಗುತ್ತದೆ. ಉಳಿದ ಅರ್ಧ ಪಕ್ಕದ ಲೇಬಲ್ಲಿನಲ್ಲಿದೆ. ಮೇಲೆ ದಪ್ಪ ಅಕ್ಷರದಲ್ಲಿ 450 ಅಂತ ಇರುತ್ತದೆ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಕೋಷ್ಟಕ. ಅದರಲ್ಲಿ 12 ವೋಲ್ಟ್ ಎಂಬ ಕಡೆ ಎಷ್ಟು ಆಂಪಿಯರ್ ಬರೆದಿದೆ ನೋಡು. ನಾನು ಕಂಡ ಒಂದರಲ್ಲಿ 14 ಅಂತ ಇತ್ತು. ಗುಣಿಸು. 12 ಇಂಟು 14, 168 ವ್ಯಾಟ್. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಎಳೆಯುವುದು ಈ 12 ವೋಲ್ಟಿನಿಂದಲೇ. ಉಳಿದ ವ್ಯಾಟ್ ಎಲ್ಲಿ ಹೋಯಿತು ಅಂದರೆ, ಸ್ಟಿಕ್ಕರಿನಲ್ಲಿದೆ.

ಅದನ್ನು ಬಿಚ್ಚಿದೆ. (ನೀನು ಬಿಚ್ಚಬೇಡ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಒದ್ದರೆ ಗೋಡೆಗೆ ಹೋಗಿ ಬೀಳುತ್ತೀಯ.) ಒಳಗೆ ಬೋರ್ಡಿನ ಮೇಲೆ ಎಲ್ಲದಕ್ಕೂ ಜಾಗ ಬಿಟ್ಟಿದ್ದಾರೆ, ವಸ್ತು ಇಲ್ಲ. ಒಳಬರುವ ಕರೆಂಟನ್ನು ಸೋಸುವ ತಾಮ್ರದ ಸುರುಳಿ ಇರಬೇಕಾದ ಕಡೆ ಎರಡು ತುಂಡು ತಂತಿ. ಹೀಟ್‌ಸಿಂಕ್ ಅಂತ ಬಿಸ್ಕತ್ತು ಡಬ್ಬಿಯ ತಗಡಿನಷ್ಟು ತೆಳ್ಳನೆಯ ಅಲ್ಯೂಮಿನಿಯಂ. ಬರೀ ಟೈಪಿಂಗ್ ಮಾಡುವ ಸಿಸ್ಟಮ್ಮಿಗೆ 60, 70 ವ್ಯಾಟ್ ಸಾಕು, ಹಾಗಾಗಿ ಇಂಥದ್ದೂ ಐದು ವರ್ಷ ಓಡುತ್ತದೆ. ಆ ಬ್ರ್ಯಾಂಡು ಬದುಕುವ ಗುಟ್ಟೂ ಅದೇ. ಬರೆದಷ್ಟು ವ್ಯಾಟನ್ನು ಯಾರೂ ಕೇಳುವುದೇ ಇಲ್ಲ! ಗ್ರಾಫಿಕ್ಸ್ ಕಾರ್ಡ್ ಹಾಕಿದ ದಿನ ಕೇಳುತ್ತಾರೆ, ಅವತ್ತು ವಾಸನೆ ಬರುತ್ತದೆ.

80 ಪ್ಲಸ್ ಅನ್ನುವ ಗುರುತು ನೋಡು. 2004ರಲ್ಲಿ ಶುರುವಾದ ಪರೀಕ್ಷೆ ಅದು. ಕಾಲುಭಾಗಕ್ಕಿಂತ ಸ್ವಲ್ಪ ಕಮ್ಮಿ ಹೊರೆ, ಅರ್ಧ ಹೊರೆ, ಪೂರ್ತಿ ಹೊರೆ, ಮೂರರಲ್ಲೂ ನೂರಕ್ಕೆ ಎಂಬತ್ತು ಭಾಗ ಕರೆಂಟು ವ್ಯರ್ಥವಾಗದೆ ದಾಟಬೇಕು. ಪೂರ್ತಿ ಹೊರೆ ಹೊರಿಸಿ ನೋಡುತ್ತಾರಲ್ಲ, ಸುಳ್ಳು ವ್ಯಾಟ್ ಅಲ್ಲಿ ಸಿಕ್ಕಿಬೀಳುತ್ತದೆ. ಈ ಗುರುತು ನಿಜವಾಗಿ ಪಡೆದ ಸಣ್ಣ ಬ್ರ್ಯಾಂಡನ್ನು ನಾನು ಧೈರ್ಯವಾಗಿ ಕೊಳ್ಳುತ್ತೇನೆ.

ಪ್ರಶ್ನೆ: ನಾನು 2000ದ ಸುಮಾರಿಗೆ ಬೆಂಗಳೂರಿನಲ್ಲಿ ಅಸೆಂಬಲ್ ಮಾಡುತ್ತಿದ್ದೆ. ಆಗ ಅಬಿಟ್ ಬೋರ್ಡ್ ಅಂದರೆ ಪ್ರಾಣ. ಅಂಥ ಕಂಪನಿ ಮುಚ್ಚಿಹೋಯಿತು, ಬಯೋಸ್ಟಾರ್ ಇನ್ನೂ ಇದೆ. ನ್ಯಾಯವೇ?
(ನಿವೃತ್ತರು, ಮೈಸೂರು)

ನ್ಯಾಯ ಅಲ್ಲ ಸರ್, ಆದರೆ ಕಾರಣ ಇದೆ. ನಿಮ್ಮ ಪತ್ರ ಓದಿ ನನಗೂ ಹಳೇದೆಲ್ಲ ನೆನಪಾಯಿತು. 1999ರಲ್ಲಿ ಬಂದ ಅಬಿಟ್ ಬಿಪಿ6, ಅಗ್ಗದ ಸೆಲೆರಾನ್ ಎರಡನ್ನು ಒಂದೇ ಬೋರ್ಡಿಗೆ ಹಾಕಬಹುದಿತ್ತು. ಇಂಟೆಲ್ ಸೆಲೆರಾನನ್ನು ಹಾಗೆ ಜೋಡಿಯಾಗಿ ಓಡಿಸಲೆಂದು ಮಾರಿರಲಿಲ್ಲ. ಹುಡುಗರು ಹುಚ್ಚಾದರು. ಆದರೆ ಹುಚ್ಚಾಗುವ ಹುಡುಗರು ಎಷ್ಟು ಜನ? ಅಬಿಟ್ ಬದುಕಿದ್ದು ಮಾರುಕಟ್ಟೆಯ ಮೇಲ್ತುದಿಯಲ್ಲಿ, ಆಸುಸ್‌ನಂಥ ದೊಡ್ಡವರ ಎದುರಿಗೇ ಅಂಗಡಿ ಹಾಕಿ. ನಂತರ 2000ದ ದಶಕದ ಕೆಟ್ಟ ಕೆಪಾಸಿಟರ್ ಕಾಟ ಬಂತು, ಉಬ್ಬಿದ ಕೆಪಾಸಿಟರುಗಳಿಗೆ ವಾರಂಟಿ ಕೊಟ್ಟೇ ಸುಸ್ತು. ದೊಡ್ಡವರಿಗೂ ಆ ಕಾಟ ಇತ್ತು, ಅವರಿಗೆ ತಡೆದುಕೊಳ್ಳುವ ಕೊಬ್ಬಿತ್ತು. ಅಬಿಟ್ 2006ರಲ್ಲಿ ಬೇರೆ ಕಂಪನಿಯ ಕೈಗೆ ಹೋಯಿತು, 2008ರ ಕೊನೆಗೆ ಬಾಗಿಲು ಹಾಕಿತು.

ಬಯೋಸ್ಟಾರ್ 1986ರಿಂದ ಇದೆ. ಯಾರ ಪ್ರಾಣವೂ ಅಲ್ಲ ಅದು. ಅಗ್ಗದ ಬೋರ್ಡ್ ಮಾಡುತ್ತದೆ, ದೊಡ್ಡವರು ಹೋಗಲು ಬೇಸರಪಡುವ ಊರುಗಳಿಗೆ ಹೋಗುತ್ತದೆ, ಯಾವುದಾದರೂ ಮೂಲೆಯಲ್ಲಿ ಬೇಡಿಕೆ ಹುಟ್ಟಿದರೆ ಅಲ್ಲಿ ಮೊದಲು ಕೂರುತ್ತದೆ. 2017ರಲ್ಲಿ ಎಲ್ಲರೂ ಬಿಟ್‌ಕಾಯಿನ್ ಗಾಳಿಯಲ್ಲಿ ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಅಗೆಯಲು ಹೊರಟಾಗ ಹನ್ನೆರಡು ಗ್ರಾಫಿಕ್ಸ್ ಕಾರ್ಡ್ ಹಾಕುವ ಬೋರ್ಡ್ ಮಾಡಿಬಿಟ್ಟಿತು. ನೋಡಲು ಬಸ್ಸಿನ ಸೀಟಿನ ಸಾಲಿದ್ದ ಹಾಗೆ. ಆಟವಾಡುವವನಿಗೆ ಅದರಿಂದ ಏನೂ ಉಪಯೋಗವಿಲ್ಲ, ಅಗೆಯುವವನಿಗೆ ಅದೇ ಬೇಕು.

ಆಸ್‌ರಾಕ್ ಕತೆ ಇನ್ನೂ ಚೆನ್ನಾಗಿದೆ. ಈಗ ನಾವು ಅದನ್ನು ನಾಲ್ಕು ದೊಡ್ಡವರಲ್ಲಿ ಒಬ್ಬ ಅನ್ನುತ್ತೇವೆ. ಅದು ಹುಟ್ಟಿದ್ದು 2002ರಲ್ಲಿ, ಆಸುಸ್ ಮನೆಯ ಅಗ್ಗದ ಕೂಸಾಗಿ. ಆಗ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಗಿರಾಕಿ ಮುಖ ಕಿವುಚುತ್ತಿದ್ದ. 2005ರ ಆಸುಪಾಸಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಸ್ಲಾಟು ಎಜಿಪಿಯಿಂದ ಪಿಸಿಐ ಎಕ್ಸ್‌ಪ್ರೆಸ್‌ಗೆ ಬದಲಾಗುತ್ತಿತ್ತು. ಹಳೇ ಕಾರ್ಡ್ ಬಿಸಾಡಲು ಮನಸ್ಸಿಲ್ಲ, ಹೊಸ ಬೋರ್ಡ್ ಬೇಕು ಅನ್ನುವ ನಮ್ಮಂಥವರಿಗೆ ಇದು ಎರಡೂ ಸ್ಲಾಟಿರುವ ಬೋರ್ಡ್ ಕೊಟ್ಟಿತು. ಇನ್ನೊಂದರಲ್ಲಿ ಹಳೇ ರ್‍ಯಾಮ್‌ಗೂ ಜಾಗ, ಹೊಸ ರ್‍ಯಾಮ್‌ಗೂ ಜಾಗ. ಅತ್ತೆಯೂ ಇರಲಿ ಸೊಸೆಯೂ ಇರಲಿ ಅನ್ನುವ ಬೋರ್ಡು. ಮರ್ಯಾದಸ್ಥ ಕಂಪನಿ ಮಾಡದ ಕೆಲಸ ಅದು, ಅದಕ್ಕೇ ಹೆಸರಾಯಿತು.

ದೊಡ್ಡದಾದರೆ ಉಳಿಯುತ್ತೇವೆ ಎಂಬ ಖಾತ್ರಿಯೂ ಇಲ್ಲ. ಅಮೆರಿಕದ ಇವಿಜಿಎ, ಗ್ರಾಫಿಕ್ಸ್ ಕಾರ್ಡ್ ಪ್ರಿಯರ ಮುದ್ದಿನ ಹೆಸರು, 2022ರ ಸೆಪ್ಟೆಂಬರಿನಲ್ಲಿ ಇನ್ನು ಕಾರ್ಡ್ ಮಾಡುವುದಿಲ್ಲ ಎಂದು ಎದ್ದುಬಿಟ್ಟಿತು. ಚಿಪ್ ಕೊಡುವವರು ಎನ್‌ವಿಡಿಯಾ ಒಬ್ಬರೇ. ಬೆಲೆ, ಲಾಭ ಎಲ್ಲ ಅವರ ಕೈಯಲ್ಲಿ. ತನ್ನ ಅನ್ನ ಒಬ್ಬನೇ ಧಣಿಯ ಕೈಯಲ್ಲಿದ್ದರೆ ಎಷ್ಟು ದೊಡ್ಡ ಆಳಾದರೇನು.

ಪ್ರಶ್ನೆ: 2 ಟಿಬಿ ಎಸ್‌ಎಸ್‌ಡಿ ಆನ್‌ಲೈನಿನಲ್ಲಿ 1,499 ರೂಪಾಯಿ. ತಗೊಳ್ಳಲಾ?
(ಹೆಸರು ಬೇಡ, ಹಾವೇರಿ)

ಬೇಡ.

ಕಾರಣ ಕೇಳದೆ ಬಿಡುವುದಿಲ್ಲ ನೀವು, ಹೇಳುತ್ತೇನೆ. ಅದರೊಳಗೆ ಸಾಮಾನ್ಯವಾಗಿ 32 ಅಥವಾ 64 ಜಿಬಿಯ ಮೆಮೊರಿ ಕಾರ್ಡ್ ಇರುತ್ತದೆ. 2 ಟಿಬಿ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ನೀವು ಫೋಟೋ ತುಂಬುತ್ತಾ ಹೋಗುತ್ತೀರಿ, ಜಾಗ ಮುಗಿದ ಮೇಲೆ ಹೊಸದು ಹಳೇದರ ಮೇಲೆ ಕೂರುತ್ತದೆ, ಯಾವ ತಪ್ಪೂ ತೋರಿಸುವುದಿಲ್ಲ. ಈಗಾಗಲೇ ತೆಗೆದುಕೊಂಡಿದ್ದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಇದೆ, ಪೂರ್ತಿ ಬರೆದು ಓದಿ ಲೆಕ್ಕ ಒಪ್ಪಿಸುತ್ತದೆ. ಇದನ್ನು ಮಾರುವವರನ್ನು ಸಣ್ಣ ಬ್ರ್ಯಾಂಡ್ ಅನ್ನಬೇಡಿ ದಯವಿಟ್ಟು. ಇವರು ಕಳ್ಳರು. ಸಣ್ಣ ಬ್ರ್ಯಾಂಡು ನಾಳೆಯೂ ಅದೇ ಕೌಂಟರಿನಲ್ಲಿ ಕೂರಬೇಕು, ಇವರು ನಾಳೆ ಇನ್ನೊಂದು ಹೆಸರಿನಲ್ಲಿರುತ್ತಾರೆ.

ಪ್ರಶ್ನೆ: ರ್‍ಯಾಮ್ ಬೆಲೆ ಹೀಗೆ ಏರಿದರೆ ಸಣ್ಣ ಕಂಪನಿಗಳ ಗತಿ?
(ಕಂಪ್ಯೂಟರ್ ತರಬೇತಿ ಕೇಂದ್ರ, ರಾಯಚೂರು)

ಕಷ್ಟ ಇದೆ. ರ್‍ಯಾಮ್ ಚಿಪ್ ಮಾಡುವ ದೊಡ್ಡವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. 1987ರಿಂದ ಇರುವ ಕಿಂಗ್‌ಸ್ಟನ್ ಕೂಡ ಚಿಪ್ ಮಾಡುವುದಿಲ್ಲ, ಕೊಂಡು ತಂದು ಜೋಡಿಸುತ್ತದೆ. ಈಗ ಎಐ ಸರ್ವರ್‌ಗಳಿಗೆ ಮೆಮೊರಿ ಕೊಟ್ಟರೆ ಜಾಸ್ತಿ ದುಡ್ಡು, ಹಾಗಾಗಿ ಮೂವರೂ ಅತ್ತ ತಿರುಗಿದ್ದಾರೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನದೇ ಕ್ರೂಷಿಯಲ್ ಹೆಸರಿನ ಅಂಗಡಿ ವ್ಯಾಪಾರವನ್ನು ನಿಲ್ಲಿಸುತ್ತೇನೆ ಎಂದಿತು. ಸ್ವಂತ ಮಗನಿಗೇ ಅನ್ನ ಇಲ್ಲ ಅಂದವರು ಪಕ್ಕದ ಮನೆಯವನಿಗೆ ಬಡಿಸುತ್ತಾರಾ?

ಇಂಥ ಹೊತ್ತಿನಲ್ಲಿ ಮೊದಲು ಸಿಕ್ಕುವುದು ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಚಿಪ್ಪನ್ನು ಹೊಸ ಹಲಗೆಗೆ ಹಾಕಿದ ರ್‍ಯಾಮ್. ಎಲ್ಲವೂ ಕೆಟ್ಟದ್ದಲ್ಲ. ನಿಮ್ಮದು ತರಬೇತಿ ಕೇಂದ್ರ, ಹತ್ತಾರು ಒಟ್ಟಿಗೆ ಕೊಳ್ಳುತ್ತೀರಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶ ಹಾಕಿ ಒಂದು ರಾತ್ರಿ ಓಡಿಸಿ, ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ವಾಪಸ್ ಕೊಡಿ.

ಪ್ರಶ್ನೆ: ವಿಡಿಯೊ ಎಡಿಟಿಂಗ್‌ಗೆ ಎಕ್ಸ್99 ಅನ್ನುವ ಚೀನಾ ಬೋರ್ಡು, ಜೊತೆಗೆ ಝಿಯಾನ್ ಪ್ರೊಸೆಸರ್, ರ್‍ಯಾಮ್ ಎಲ್ಲ ಸೇರಿಸಿ ತುಂಬಾ ಕಮ್ಮಿಗೆ ಸಿಗುತ್ತಿದೆ. ಮೋಸವೇ?
(ಮದುವೆ ವಿಡಿಯೊ ಮಾಡುವವರು, ಕಲಬುರಗಿ)

ಮೋಸ ಅಲ್ಲ, ಗುಜರಿ. ಒಳ್ಳೇ ಅರ್ಥದಲ್ಲೇ ಹೇಳಿದೆ. ದೊಡ್ಡ ಡೇಟಾ ಸೆಂಟರ್‌ಗಳು ನಾಲ್ಕೈದು ವರ್ಷಕ್ಕೊಮ್ಮೆ ಸರ್ವರ್ ಬದಲಾಯಿಸುತ್ತವೆ. ಹೊರಬಿದ್ದ ಝಿಯಾನ್ ಪ್ರೊಸೆಸರ್‌ಗಳು ಹೊಸದಿದ್ದಾಗ ಲಕ್ಷದ ಲೆಕ್ಕದಲ್ಲಿ ಮಾರಿದವು, ಈಗ ಕೇಳುವವರಿಲ್ಲ. ಯಾಕೆಂದರೆ ಕೂರಿಸಲು ಬೋರ್ಡ್ ಇಲ್ಲ. ಹುವಾನಂಜಿ, ಮಷಿನಿಸ್ಟ್ ಎಂಬ ಚೀನಾ ಹೆಸರುಗಳು ಹುಟ್ಟಿದ್ದೇ ಈ ಜಾಗ ತುಂಬಲು. ಎಕ್ಸ್99 ಎಂದು ಚಿಪ್‌ಸೆಟ್ಟಿನ ಹೆಸರು ಬರೆದಿದ್ದರೂ ಕೆಳಗಿರುವ ಚಿಪ್‌ಸೆಟ್ ಬೇರೆ ಯಾವುದೋ ಹಳೇ ಬೋರ್ಡಿನದ್ದು ಇರುವುದು ಮಾಮೂಲು. ದಾವಣಗೆರೆಯವರ ಎಚ್61 ಕತೆಯೇ, ದೊಡ್ಡ ಪ್ರಮಾಣದಲ್ಲಿ.

ಎಡಿಟಿಂಗ್‌ಗೆ ಕೋರ್ ಜಾಸ್ತಿ ಇದ್ದರೆ ಅನುಕೂಲ ನಿಜ. ಆದರೆ ಕರೆಂಟು ಜಾಸ್ತಿ ಎಳೆಯುತ್ತದೆ, ಕಲಬುರಗಿ ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಕೂರುವವರು ನೀವು. ಅದಕ್ಕಿಂತ ಮುಖ್ಯ, ವಾರಂಟಿ ಇಲ್ಲ, ಡ್ರಾಯರ್ ಇಲ್ಲ. ಹೋದರೆ ಚೀನಾದ ಶೆನ್‌ಝೆನ್‌ಗೆ ಕೊರಿಯರ್ ಮಾಡುತ್ತೀರಾ? ಮದುವೆ ಸೀಸನ್ ಮಧ್ಯದಲ್ಲಿ? ಮನೆಯಲ್ಲಿ ಎರಡನೇ ಸಿಸ್ಟಮ್ ಇದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಈಗಿನ ಕಾಲದ ಸಾಧಾರಣ ಪ್ರೊಸೆಸರ್ ಸಾಕು.

ಪ್ರಶ್ನೆ: ನಮ್ಮ ಡಿಟಿಪಿ ಸೆಂಟರಿನ ಹಿರಿಯರು ಟಿವಿಎಸ್ ಗೋಲ್ಡ್ ಕೀಬೋರ್ಡ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಏನಿದೆ ಅದರಲ್ಲಿ?
(ಡಿಟಿಪಿ ಆಪರೇಟರ್, ಹಾಸನ)

ಚೆರ್ರಿ ಎಂಬ ಜರ್ಮನಿ ಕಂಪನಿಯ ಸ್ವಿಚ್ ಇದೆ, ಪ್ರತಿ ಕೀಲಿಗೂ ಒಂದೊಂದು. ಬೇರೆ ಅಗ್ಗದ ಕೀಬೋರ್ಡಿನಲ್ಲಿ ಎಲ್ಲ ಕೀಲಿಗೂ ಸೇರಿ ಒಂದು ರಬ್ಬರ್ ಹಾಳೆ. ದಿನಕ್ಕೆ ನಲವತ್ತು ಪುಟ ನುಡಿ ತಂತ್ರಾಂಶದಲ್ಲಿ ಕುಟ್ಟುವವರ ಬೆರಳಿಗೆ ಅಕ್ಷರ ಬಿತ್ತೋ ಇಲ್ಲವೋ ಎಂದು ಆ ಟಕ್ ಸದ್ದೇ ಹೇಳಬೇಕು, ಪರದೆ ನೋಡಿಕೊಂಡು ಕೂರಲಾಗುವುದಿಲ್ಲ. ಚೆನ್ನೈ ಮೂಲದ ಟಿವಿಎಸ್ ಎಲೆಕ್ಟ್ರಾನಿಕ್ಸ್‌ಗೆ ನಮ್ಮ ತುಮಕೂರಿನಲ್ಲೂ ಕಾರ್ಖಾನೆ ಇದೆ. ಟಿಕೆಟ್, ಬಿಲ್ಲು ಹೊಡೆಯುವ ಅದರ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಿರ್ ಕಿರ್ ಸದ್ದು ನೀವು ಕೇಳಿರುತ್ತೀರಿ.

ಗೇಮಿಂಗ್ ಹುಡುಗರು ಇತ್ತೀಚೆಗೆ ಮೆಕ್ಯಾನಿಕಲ್ ಕೀಬೋರ್ಡ್ ಅಂತ ಕುಣಿಯುವ ಎಷ್ಟೋ ಮೊದಲೇ ಕೋರ್ಟ್ ಮುಂದಿನ ಟೈಪಿಸ್ಟುಗಳ ಹತ್ತಿರ ಇದು ಇತ್ತು. ಜಗತ್ತಿಗೆ ಗೊತ್ತಿಲ್ಲದ ಹೆಸರು, ಒಂದು ಕಸುಬಿನವರಿಗೆ ಮಾತ್ರ ಬೇರೆ ಹೆಸರೇ ಗೊತ್ತಿಲ್ಲ. ಸಣ್ಣ ಬ್ರ್ಯಾಂಡಿಗೆ ಇದಕ್ಕಿಂತ ಗಟ್ಟಿ ಜಾಗ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಕಿಯೋನಿಕ್ಸ್‌ನ 'ಕಿಯೋ' ಕಂಪ್ಯೂಟರ್ ಉಳಿಯುತ್ತದಾ?
(ಪ್ರೌಢಶಾಲೆ ಶಿಕ್ಷಕರು, ಚಿತ್ರದುರ್ಗ)

ರಾಜ್ಯ ಸರ್ಕಾರದ ನಿಗಮದ ಈ ಕಂಪ್ಯೂಟರ್ 2025ರ ನವೆಂಬರಿನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಹೊರಬಂದಾಗ 18,999 ರೂಪಾಯಿ ಅಂದಿದ್ದರು. ಬಳಸಲು ಯಾರ ಅಪ್ಪಣೆಯೂ ಬೇಡದ ರಿಸ್ಕ್-ಫೈವ್ ವಿನ್ಯಾಸದ ಪ್ರೊಸೆಸರ್, ಲಿನಕ್ಸ್. ಯಂತ್ರದ ಬಗ್ಗೆ ನನಗೆ ತಕರಾರಿಲ್ಲ. ನನಗೆ ನೆನಪಾಗುವುದು ಸಿಂಪ್ಯೂಟರ್. ಐಐಎಸ್‌ಸಿಯವರು, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಮಾಡಿದ ಕೈಗಣಕ. 2004ರಲ್ಲಿ ಅಮಿದಾ ಅಂತ ಬಿಇಎಲ್‌ನಲ್ಲಿ ತಯಾರಾಗಿ ಮಾರುಕಟ್ಟೆಗೂ ಬಂತು. ಆ ಕಾಲಕ್ಕೆ ಅದ್ಭುತ. ಮುಟ್ಟುವ ಪರದೆ, ಅಲುಗಾಡಿಸಿದರೆ ಗೊತ್ತಾಗುವ ಸೆನ್ಸರ್. ಆದರೆ ನಿಮ್ಮ ಊರಿನ ಯಾವ ಅಂಗಡಿಯಲ್ಲಿತ್ತು? ಕೆಟ್ಟರೆ ಯಾರು ನೋಡುತ್ತಿದ್ದರು?

ನಿಮ್ಮ ಶಾಲೆಗೆ ಹತ್ತು ಕಿಯೋ ಬಂದರೆ ಮೊದಲು ಕೇಳಬೇಕಾದ್ದು ಒಂದೇ. ಹನ್ನೊಂದನೆಯದು ಚಿತ್ರದುರ್ಗದಲ್ಲಿ ಎಲ್ಲಿ ಇಟ್ಟಿರುತ್ತೀರಿ ಸ್ವಾಮಿ ಅಂತ.

ಪ್ರಶ್ನೆ: ನಾನೇ ಒಂದು ಬ್ರ್ಯಾಂಡ್ ಮಾಡಬೇಕು ಅಂತಿದ್ದೇನೆ. ಚೀನಾದಿಂದ ಕೀಬೋರ್ಡ್, ಮೌಸ್ ತರಿಸಿ ನಮ್ಮ ಹೆಸರು ಹಾಕುವುದು. ಏನು ನೋಡಿಕೊಳ್ಳಬೇಕು?
(ಯುವ ವ್ಯಾಪಾರಿ, ಹುಬ್ಬಳ್ಳಿ)

ಶುರು ಮಾಡುವ ಜಾಗ ಸರಿಯಾಗಿದೆ. ಜೆಬ್ರಾನಿಕ್ಸ್ 1997ರಲ್ಲಿ ಚೆನ್ನೈಯಲ್ಲಿ, ಐಬಾಲ್ 2001ರಲ್ಲಿ ಮುಂಬೈಯಲ್ಲಿ, ಇಬ್ಬರ ಹೆಸರೂ ಮನೆ ಮನೆಗೆ ಹೋದದ್ದು ಇಂಥ ಸಣ್ಣ ವಸ್ತುಗಳಿಂದಲೇ. ಇನ್ನೂರು ಮುನ್ನೂರು ರೂಪಾಯಿಯ ಮೌಸಿಗೆ ಯಾರೂ ವಿಮರ್ಶೆ ಓದುವುದಿಲ್ಲ.

ಮೊದಲು ಕಾಗದ. ತಂತಿ ಇಲ್ಲದ ಕೀಬೋರ್ಡು, ಪವರ್ ಅಡಾಪ್ಟರ್, ಮಾನಿಟರ್ ಇಂಥವಕ್ಕೆ 2013ರಿಂದ ಈಚೆಗೆ ಒಂದೊಂದಾಗಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯವಾಗಿದೆ. ಆರ್ ಅಕ್ಷರದಿಂದ ಶುರುವಾಗುವ ನಂಬರು ವಸ್ತುವಿನ ಮೇಲೇ ಇರಬೇಕು. ಆ ನೋಂದಣಿ ಒಂದು ಕಾರ್ಖಾನೆಗೆ, ಒಂದು ಬ್ರ್ಯಾಂಡಿಗೆ ಸೇರಿದ್ದು. ಅಗ್ಗಕ್ಕೆ ಸಿಕ್ಕಿತು ಎಂದು ಪಕ್ಕದ ಕಾರ್ಖಾನೆಗೆ ಹಾರಿದರೆ ಮತ್ತೆ ಮೊದಲಿನಿಂದ. ಬ್ಲೂಟೂತ್ ಇದ್ದರೆ ದೂರಸಂಪರ್ಕ ಇಲಾಖೆಯ ಒಪ್ಪಿಗೆ ಬೇರೆ. ಡಬ್ಬಿಯ ಮೇಲೆ ತರಿಸಿದವರ ವಿಳಾಸ, ಎಂಆರ್‌ಪಿ, ದೂರು ಹೇಳಲು ನಂಬರು. (ಓದುಗರಿಗೆ ಒಂದು ಮಾತು: ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಆರ್ ನಂಬರ್ ಹಾಕಿದರೆ ಯಾವ ಕಂಪನಿಯದ್ದು ಎಂದು ತೋರಿಸುತ್ತದೆ. ಕೇಳದ ಹೆಸರಿನದ್ದು ಕೊಳ್ಳುವಾಗ ಅಂಗಡಿಯಲ್ಲೇ ನಿಂತು ನೋಡಿ.)

ಈಗ ನಿಜವಾದ ಲೆಕ್ಕ. ಸಾವಿರ ಕೀಬೋರ್ಡ್ ತರಿಸಿದಿರಿ ಅಂದುಕೊಳ್ಳಿ. ನೂರಕ್ಕೆ ನಾಲ್ಕು ವಾರಂಟಿಯೊಳಗೆ ಕೆಟ್ಟವು, ಅಂದರೆ ನಲವತ್ತು. ಆ ನಲವತ್ತನ್ನು ಮೊದಲ ದಿನವೇ ಬದಿಗಿಡಬೇಕು. ಮಾರಬಾರದು. ಮೂರನೇ ತಿಂಗಳು ದುಡ್ಡಿನ ಅಡಚಣೆ ಬರುತ್ತದೆ, ಧಾರವಾಡದ ಡೀಲರ್ ಫೋನ್ ಮಾಡಿ 'ಮೂವತ್ತು ಪೀಸ್ ಕಳಿಸಣ್ಣ, ಕ್ಯಾಶ್ ಕೊಡ್ತೀನಿ' ಅನ್ನುತ್ತಾನೆ, ಆ ಗೂಡಿನ ಕಡೆ ಕೈ ಹೋಗುತ್ತದೆ. ನಾನು ನೋಡಿದ ಸಣ್ಣ ಬ್ರ್ಯಾಂಡುಗಳಲ್ಲಿ ಎರಡು ಮುಳುಗಿದ್ದು ಮಾಲು ಕೆಟ್ಟದ್ದು ಅಂತಲ್ಲ. ಬದಲಿಗೆ ಇಟ್ಟ ಮಾಲನ್ನು ಮಾರಿಕೊಂಡು, ಬದಲಿ ಕೇಳಿ ಬಂದವರಿಗೆ 'ಮುಂದಿನ ವಾರ' ಅನ್ನಲು ಶುರು ಮಾಡಿದ್ದರಿಂದ. ಎರಡು ಸಲ ಮುಂದಿನ ವಾರ ಅಂದರೆ ಡೀಲರ್ ನಿಮ್ಮ ಡಬ್ಬಿಯನ್ನು ಕೆಳಗಿನ ಗೂಡಿಗೆ ಇಳಿಸುತ್ತಾನೆ. ಅಲ್ಲಿಂದ ಮೇಲೆ ಬಂದದ್ದನ್ನು ನಾನು ನೋಡಿಲ್ಲ.

ಹೆಸರು ಏನಿಡುತ್ತೀರಿ ಅಂತ ಬರೆದಿಲ್ಲ. 'ಟೆಕ್' ಅಂತ ಮಾತ್ರ ಕೊನೆಗೆ ಸೇರಿಸಬೇಡಿ, ಎಸ್‌ಪಿ ರೋಡಿನಲ್ಲಿ ಈಗಾಗಲೇ ಇನ್ನೂರಿವೆ.

ಪ್ರಶ್ನೆ: ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಯಾವ ಬೋರ್ಡ್ ಇದೆ? ನಿಜ ಹೇಳಿ.
(ಕಾಲೇಜು ವಿದ್ಯಾರ್ಥಿನಿ, ಉಡುಪಿ)

ಬಯೋಸ್ಟಾರ್. ಎಸ್‌ಎಂಪಿಎಸ್ ಮಾತ್ರ ಸೀಸಾನಿಕ್.